ಅದೇ ತೂಕದ ಇನ್ನೊಂದು

ಗುರುವಾರ ಬೆಳಿಗ್ಗೆ ರತ್ನಾವತಿ ಮುಂಬಯಿ ಬಳಿಯ ಡೊಂಬಿವಲಿಯ ಪೊಲೀಸ್ ಠಾಣೆಗೆ ಬಂದಳು. ಮಂಗಳವಾರ ಬಣ್ಣದ ಕಾರ್ಖಾನೆಯೊಂದರಲ್ಲಿ ರಿಯಾಕ್ಟರ್ ಸಿಡಿದು ಅವಳ ಗಂಡ, ಆಪರೇಟರ್ ಪ್ರೇಮನಾಥ, ಸತ್ತಿದ್ದ. ಅವನು ಪಾಳಿಯಲ್ಲಿ ನಿದ್ದೆ ಹೋಗಿದ್ದನೆಂದು ಕಂಪನಿ ಹೇಳಿತ್ತು.

“ಅವರು ಡ್ಯೂಟಿಯಲ್ಲಿ ಮಲಗುವವರಲ್ಲ ಸರ್. ಅದೊಂದು ಬರ್ಕೊಳ್ಳಿ.”

ಇನ್ಸ್‌ಪೆಕ್ಟರ್ ಮಾನಪ್ಪ ಅಕ್ಕಲಕೋಟೆಯವನು. ಕನ್ನಡದಲ್ಲಿ ಕೇಳಿಸಿಕೊಂಡು ಮರಾಠಿಯಲ್ಲಿ ಎಫ್‌ಐಆರ್ ಬರೆಸಿದ.

ಪಂಚನಾಮೆಯಲ್ಲಿ ರಿಯಾಕ್ಟರಿಗೆ ಸುರಿದು ಅರ್ಧ ಉಳಿದ ಡ್ರಮ್ಮೊಂದು ವಶವಾಯಿತು. ಮೇಲೆ ಒಳಗಿನ ರಾಸಾಯನಿಕದ ಬಗೆ ಹೇಳುವ ‘ಪ್ಯಾರಾ’ ಎಂಬ ಚೀಟಿ. ಅದನ್ನು ಪಾಸ್ ಮಾಡಿದವನು ಕೆಮಿಸ್ಟ್ ಲತೀಶ್. ಪ್ರೇಮನಾಥ ಮಲಗಿದ್ದನೆಂದು ಹೇಳಿಕೆ ಕೊಟ್ಟವನೂ ಅವನೇ. ಪೊಲೀಸ್ ಪ್ರಯೋಗಾಲಯದ ವರದಿ ಮೂರು ವಾರಕ್ಕೆ ಬಂತು: ಅಣುತೂಕ ಸರಿಯಿದೆ; ಪ್ಯಾರಾ ಹೌದೋ ಅಲ್ಲವೋ ನಿರ್ಧರಿಸಿಲ್ಲ.

ಆ ಕೊನೆಯ ಸಾಲು ಮಾನಪ್ಪನನ್ನು ಬಿಡಲಿಲ್ಲ. ಕಾನ್‌ಸ್ಟೇಬಲ್ ಭೀಮುವಿನೊಡನೆ ಮಾದರಿಯನ್ನು ನವಿ ಮುಂಬಯಿಯ ಎನ್‌ಎಂಆರ್ ಪ್ರಯೋಗಾಲಯಕ್ಕೆ ಒಯ್ದ.

ಅಲ್ಲಿನ ವಿಜ್ಞಾನಿ ಅಪೇಕ್ಷಾ ಮರಾಠಿಯಲ್ಲಿ ವಿವರಿಸಿದಳು. ಪ್ಯಾರಾ, ಆರ್ಥೋ ಎರಡರಲ್ಲೂ ಅವೇ ಪರಮಾಣುಗಳು, ಅಷ್ಟೇ ತೂಕ. ಜೋಡಣೆ ಮಾತ್ರ ಬೇರೆ. ಪ್ರತಿ ಹೈಡ್ರೋಜನ್ನಿನ ಅಕ್ಕಪಕ್ಕ ಏನಿದೆಯೆಂದು ಈ ಯಂತ್ರ ತಿಳಿಸುತ್ತದೆ. ಪ್ಯಾರಾ ಆಗಿದ್ದರೆ ಅದರ ನಕ್ಷೆಯಲ್ಲಿ ಎರಡು ಕಡೆ ಗೆರೆ ಏಳಬೇಕು. ಇಲ್ಲಿ ನಾಲ್ಕು ಕಡೆ ಎದ್ದಿತ್ತು. ಡ್ರಮ್ಮಿನಲ್ಲಿದ್ದದ್ದು ಆರ್ಥೋ. ಅದು ರಿಯಾಕ್ಟರಿನಲ್ಲಿ ಬೇಗ ಬಿಸಿಯೇರಿ ಸಿಡಿಯಬಲ್ಲದು.

“ಅಂದ್ರ ಅದೇ ಚಾಳಿನ ಕಟ್ಟಡ, ಅಷ್ಟೇ ಮಂದಿ, ಖೋಲಿ ಅದಲಾಬದಲಿ,” ಎಂದ ಭೀಮು.

ಮರುದಿನ ಮಾನಪ್ಪ ಲತೀಶನನ್ನು ಕರೆಸಿದ.

“ಡ್ರಮ್ ಹೆಂಗ ಪಾಸ್ ಮಾಡಿದಿ?”

“ಅಣುತೂಕ ನೋಡಿದೆ ಸರ್. ಪ್ಯಾರಾದ್ದೇ ಇತ್ತು.”

“ಆರ್ಥೋದ್ದು ಎಷ್ಟು?”

ಲತೀಶ್ ಮೇಜಿನ ಅಂಚು ಸವರಿದ. “ಅದೂ ಅಷ್ಟೇ.”

“ಮತ್ತ?”

“ಎಷ್ಟು ಬಿಸಿಗೆ ಕರಗ್ತದೆ ಅಂತ ಕರಗಿಸಿ ನೋಡ್ಬೇಕಿತ್ತು, ಎರಡಕ್ಕೂ ಅದು ಬೇರೆ ಬೇರೆ. ಅದಕ್ಕೆ ಅರ್ಧ ಗಂಟೆ ಬೇಕು. ಆಮೇಲಿನ ಲೋಕಲ್ ರೈಲು ಹತ್ತಿದ್ರೆ ಆ ರಶ್ಶಿನಲ್ಲಿ ದಿವಾ ಸ್ಟೇಷನ್ನಲ್ಲಿ ಇಳಿಲಿಕ್ಕೇ ಆಗುದಿಲ್ಲ. ಮಳೆಗಾಲದಿಂದ ಆ ಪರೀಕ್ಷೆ ಬಿಟ್ಟಿದ್ದೆ.”

“ಪ್ರೇಮನಾಥ ಮಲಗಿದ್ನೇನು?”



“ಇಲ್ಲ. ಇಂಟರ್‌ಕಾಮ್‌ನಲ್ಲಿ ಎರಡು ಸರ್ತಿ ಕರ್ದ. ಬಿಸಿ ಏರ್ತಾ ಉಂಟು ಅಂದ. ಮೀಟರ್ ಸರಿ ಇಲ್ಲ ಮಾರಾಯ, ನಡ್ಸು ಅಂದೆ. ನಿಲ್ಸು ಅಂದಿದ್ರೆ, ಪರೀಕ್ಷೆ ಮಾಡ್ಲಿಲ್ಲ ಅಂತ ನಾನೇ ಒಪ್ಪಿದ ಹಾಗಾಗ್ತಿತ್ತು.”

ಸಂಜೆ 4.20ಕ್ಕೆ ಅವನನ್ನು ಬಂಧಿಸಲಾಯಿತು. ಕರಗಿಸುವ ಪರೀಕ್ಷೆಯನ್ನು ಕಲಿಸಿದ ಮೇಷ್ಟ್ರ ಹೆಸರು ಅವನಿಗೆ ಇನ್ನೂ ನೆನಪಿತ್ತು.

ರತ್ನಾವತಿ ಕಲ್ಯಾಣದಲ್ಲಿ ಅಣ್ಣನ ಮನೆಯಲ್ಲಿದ್ದಳು. ಮಾನಪ್ಪ ತಾನೇ ಹೋಗಿ ಹೇಳಿದ.

“ನಿಮ್ಮವರು ಮಲಗಿರಲಿಲ್ಲಮ್ಮ. ಕೊನೀತನಕ ಮೀಟರ್ ಮುಂದನ ನಿಂತಿದ್ರು. ಚಾರ್ಜ್‌ಶೀಟ್‌ನ್ಯಾಗ ಹಂಗ ಬರೀತೀನಿ.”

“ಬರೀರಿ,” ಎಂದಳು.

ಅವನು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಅವಳ ದನಿ ಮತ್ತೆ ಕೇಳಿಸಿತು.

“ಮಲಗಿದ್ದಿದ್ರೆ ಅವರಿಗೆ ಗೊತ್ತೇ ಆಗ್ತಿರ್ಲಿಲ್ಲ.”