ಕೊಂಡ ದಿನದಿಂದ ಎಣಿಸಿದವಳು

ಮೂರು ತಿಂಗಳಿಗೊಂದು ಸೋಮವಾರ ಅವಳು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಕೆಲಸಕ್ಕೆ ಬರುತ್ತಿದ್ದಳು. ಉಳಿದ ದಿನ ಯಾರು ನೋಡಬೇಕು? ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಔಷಧದ ಗೋದಾಮಿನ ಪಕ್ಕ, ಕಿಟಕಿಯೇ ಇಲ್ಲದ ಕೋಣೆ ಅವಳದು. ಹಗಲಲ್ಲೂ ಟ್ಯೂಬ್‌ಲೈಟು. ಕೆಟ್ಟ ಪಂಪು, ಮುನಿಸಿಕೊಂಡ ಬಿಪಿ ಮೆಷಿನ್ನು, ಬಾಯಿ ಮುಚ್ಚದ ಅಲಾರಂ ಎಲ್ಲ ಬಂದು ಬೀಳುವುದು ಅಲ್ಲಿಗೇ. ಮೇಲಿನವರಿಗೆ ಅವಳು ಮೆಷಿನ್ ಮೇಡಂ.

ಆ ಸೋಮವಾರಗಳಂದು ಬರುವವನು ಮಾನಿಟರ್ ಕಂಪನಿಯ ಸರ್ವಿಸ್ ಇಂಜಿನಿಯರ್. ಐಸಿಯುವಿನ ದೊಡ್ಡ ಸಿಸ್ಟರ್ ಅವನಿಗೆ ‘ಮೂರು ತಿಂಗಳ ನೆಂಟ’ ಎಂದು ಹೆಸರಿಟ್ಟಿದ್ದರು. ರೋಗಿಗಳ ತಲೆದೆಸೆಯಲ್ಲಿ ನಿಂತು ಎದೆಬಡಿತ ತೋರಿಸುವ ಮಾನಿಟರುಗಳು ಆಸ್ಪತ್ರೆಯಲ್ಲಿ ನಲವತ್ತೆರಡು ಇದ್ದವು. ನೋಡಲು ಪುಟ್ಟ ಟೀವಿಯಂತಿದ್ದರೂ ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ಕಂಪ್ಯೂಟರ್, ಅದನ್ನು ನಡೆಸಲು ಒಂದು ಆಪರೇಟಿಂಗ್ ಸಿಸ್ಟಂ. ಅದರಲ್ಲಿ ಕಿಡಿಗೇಡಿಗಳು ನುಗ್ಗಬಹುದಾದ ತೂತು ಕಂಡುಬಂದಾಗಲೆಲ್ಲ ಕಂಪನಿ ತೇಪೆ ಕಳಿಸುತ್ತದೆ. ಆ ತೇಪೆಯನ್ನು ಪೆನ್‌ಡ್ರೈವಿನಲ್ಲಿ ತಂದು ಒಂದೊಂದಕ್ಕೂ ಹಾಕುವುದು ಅವನ ಕೆಲಸ. ಕೂತಲ್ಲಿಂದಲೇ ನೆಟ್‌ವರ್ಕಿನಲ್ಲಿ ಕಳಿಸಬಹುದಿತ್ತು, ನಿಜ. ಆ ದಾರಿಯನ್ನು ಭದ್ರತೆಯ ನೆಪ ಹೇಳಿ ಅವಳೇ ಮುಚ್ಚಿಸಿದ್ದಳು. ಎಂಥಾ ಭದ್ರತೆ ಎಂದು ಅವನೂ ಕೇಳಲಿಲ್ಲ. ಕೇಳದಿರುವಷ್ಟು ಜಾಣ ಅವನು.

ತೇಪೆ ಹಾಕಿದ ಮೇಲೆ ಮಾನಿಟರ್ ಆರಿ ಮತ್ತೆ ಹತ್ತಿಕೊಳ್ಳಲು ನಲವತ್ತು ಸೆಕೆಂಡು ಬೇಕು. ಅಷ್ಟು ಹೊತ್ತು ಇಬ್ಬರಿಗೂ ಮಾಡಲು ಕೆಲಸವಿಲ್ಲ. ಕಪ್ಪು ಗಾಜಿನಲ್ಲಿ ಎರಡು ಮುಖ ಕಾಣುತ್ತಿದ್ದವು. ಅವನು ನೇರವಾಗಿ ನೋಡುತ್ತಿರಲಿಲ್ಲ, ಗಾಜಿನಲ್ಲೇ ನೋಡುತ್ತಿದ್ದ. ಅವಳು ಕೂದಲು ಸರಿಮಾಡಿಕೊಂಡರೆ ಅವನ ತುಟಿಯ ಒಂದು ಕೊನೆ ಮಾತ್ರ ಮೇಲೇರುತ್ತಿತ್ತು. ಆಮೇಲೆ ಗೆರೆ ಓಡತೊಡಗಿದರೆ ಇಬ್ಬರೂ ಪರಮ ಸಭ್ಯರು. ನಲವತ್ತೆರಡು ಸಲ ನಲವತ್ತು ಸೆಕೆಂಡು ಎಂದರೆ ಇಪ್ಪತ್ತೆಂಟು ನಿಮಿಷ. ಮೂರು ತಿಂಗಳು ಅವಳು ಬದುಕುತ್ತಿದ್ದುದು ಆ ಇಪ್ಪತ್ತೆಂಟು ನಿಮಿಷದ ಮೇಲೆ.

ಬರೀ ನೋಟದಲ್ಲೇ ಕಾಲ ಕಳೆದರು ಎಂದುಕೊಳ್ಳಬೇಡಿ. ನಾಲ್ಕು ವರ್ಷದ ಹಿಂದೆ ಇದೇ ನೆಲಮಾಳಿಗೆಯಲ್ಲಿ ಅವನು ಕೇಳಿಯೇಬಿಟ್ಟಿದ್ದ. ಸುತ್ತಿ ಬಳಸಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ತನ್ನನ್ನು ಮದುವೆಯಾಗುತ್ತೀರಾ ಎಂದ. ಅವಳ ಕಿವಿ ಬಿಸಿಯಾಯಿತು. ಅಮ್ಮ ತೀರಿಕೊಂಡು ಆಗಿನ್ನೂ ಒಂದೇ ವರ್ಷವಾಗಿತ್ತು. ತಂಗಿ ಓದು ಮುಗಿಸಿ ತನ್ನ ಕಾಲ ಮೇಲೆ ತಾನು ನಿಲ್ಲುವವರೆಗೆ ತನ್ನ ಸುದ್ದಿ ಬೇಡ ಎಂದು ಅವಳು ತನಗೆ ತಾನೇ ಆಣೆ ಹಾಕಿಕೊಂಡಿದ್ದಳು. ಯಾರೂ ಹಾಕಿಸಿದ್ದಲ್ಲ ಆ ಆಣೆ, ತಂಗಿಗೂ ಅದು ಗೊತ್ತಿರಲಿಲ್ಲ. ಒಲ್ಲೆ ಎನ್ನಲು ಮನಸ್ಸಿಲ್ಲ, ಹೂಂ ಎನ್ನಲು ಬಾಯಿಲ್ಲ. ಸ್ವಲ್ಪ ಟೈಮ್ ಬೇಕು ಎಂದಳು. ಎಷ್ಟು ಎಂದರೆ ಅವನ ಸ್ಕ್ರೂಡ್ರೈವರ್ ಎತ್ತಿ ಅವನ ಕೈಗೆ ಕೊಟ್ಟಳು.

“ಈ ಮಾನಿಟರ್‌ಗಳಿಗೆ ಸಪೋರ್ಟ್ ಇರೋ ತನಕ ನಾನು ಬರ್ತಾನೇ ಇರ್ತೀನಿ,” ಎಂದ ಅವನು. “ಅಷ್ಟರೊಳಗೆ ಯಾವತ್ತು ಬೇಕಾದ್ರೂ ಹೇಳಿ. ನಾನಾಗಿ ಮತ್ತೆ ಕೇಳಿ ನಿಮಗೆ ಮುಜುಗರ ಮಾಡಲ್ಲ.”

ಅವನು ಹೋದ ಮೇಲೆ ಅವಳು ಬೆರಳು ಮಡಿಚಿ ಎಣಿಸಿದಳು. ಹತ್ತು ವರ್ಷದ ಸಪೋರ್ಟ್, ಅಷ್ಟು ಕಾಲ ತೇಪೆ ಬರುತ್ತದೆ ಎಂದು ಕಂಪನಿಯ ಪುಸ್ತಕದಲ್ಲೇ ಅಚ್ಚಾಗಿತ್ತು. ಮೆಷಿನ್ನು ಆಸ್ಪತ್ರೆಗೆ ಬಂದು ಆಗ ನಾಲ್ಕು ವರ್ಷ. ಇನ್ನೂ ಆರು ಉಳಿದವು. ತಂಗಿಯ ಓದು ಐದು ವರ್ಷಕ್ಕೆ ಮುಗಿಯುತ್ತದೆ. ಒಂದು ವರ್ಷ ಕೈಯಲ್ಲೇ ಮಿಗುತ್ತದಲ್ಲ ಎಂದು ಅವಳಿಗೆ ಎಂಥ ನೆಮ್ಮದಿ! ಆ ನೆಮ್ಮದಿಯನ್ನು ತಲೆದಿಂಬು ಮಾಡಿಕೊಂಡು ಹೆಣ್ಣು ನಾಲ್ಕು ವರ್ಷ ಮಲಗಿಬಿಟ್ಟಿತು.

ಈಚಿನ ಒಂದು ವರ್ಷದಿಂದ ಅವನು ಮಾತು ಕಡಿಮೆ ಮಾಡಿದ್ದ. ಗಾಜಿನಲ್ಲಿ ಅವಳು ನೋಡುವ ಹೊತ್ತಿಗೆ ಅವನ ಕಣ್ಣು ಕೇಬಲ್ಲಿನ ಮೇಲಿರುತ್ತಿತ್ತು. ಊರೂರು ತಿರುಗುವ ಕೆಲಸ, ದಣಿದಿದ್ದಾನೆ ಎಂದು ಅವಳು ಮರುಗಿದಳೇ ಹೊರತು ಬೇರೆ ಯೋಚನೆ ಮಾಡಲಿಲ್ಲ.

ಈ ಸೋಮವಾರವೂ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಂದ. ಆಕಾಶ ಬೂದಿ ಬಳಿದುಕೊಂಡು ಕೂತಿತ್ತು. ಐಸಿಯುವಿನಲ್ಲಿ ದೊಡ್ಡ ಸಿಸ್ಟರ್, ನೆಂಟರು ಬಂದರು, ಇನ್ನು ನಮ್ಮ ಮೇಡಂ ಕೈಗೆ ಸಿಗುವುದಿಲ್ಲ ಎಂದು ಎಂದಿನಂತೆ ಚುಚ್ಚಿದರು. ಅವಳು ನಕ್ಕಳು. ಅವನು ನಗಲಿಲ್ಲ. ವಾರ್ಡಿನಿಂದ ವಾರ್ಡಿಗೆ ಕೆಲಸ ಮುಗಿಸುತ್ತ, ಪ್ರತಿ ಮಾನಿಟರಿಗೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತ. ಮೂರನೇ ಮಹಡಿಯಲ್ಲಿ ಒಂದರ ಧೂಳನ್ನು ತನ್ನ ಕರವಸ್ತ್ರದಿಂದ ಒರೆಸಿದ್ದನ್ನು ನೋಡಿ ಇವತ್ತೇನು ಇಷ್ಟು ಉಪಚಾರ ಎಂದು ಅವಳು ತಮಾಷೆ ಮಾಡಿದ್ದೂ ಆಯಿತು.

ನಲವತ್ತೆರಡನೆಯದು ನೆಲಮಾಳಿಗೆಯಲ್ಲೇ ಇತ್ತು, ಬದಲಿಗೆಂದು ಇಟ್ಟದ್ದು. ಅದನ್ನು ಆರಿಸಿ ಕಾಯುತ್ತ ಕೂತಾಗ ಅವಳು, ಒಂಬತ್ತನೇ ಬೆಡ್ಡಿನ ಮಾನಿಟರಿಗೆ ಒಂದು ಗುಂಡಿ ಸಡಿಲವಾಗಿದೆ, ಮುಂದಿನ ಸಲ ಬರುವಾಗ ತನ್ನಿ ಎಂದಳು.

ಅವನು ಗಾಜನ್ನು ಬಿಟ್ಟು ನೇರವಾಗಿ ಅವಳನ್ನೇ ನೋಡಿದ.

“ಮುಂದಿನ ಸಲ ಅಂತ ಇಲ್ವಲ್ಲ ಮೇಡಂ. ಇವತ್ತೇ ಕೊನೇದು.”

ಅವಳಿಗೆ ಮೊದಲು ಹೊಳೆದದ್ದು ಲೆಕ್ಕವೇ. ಎಂಟು ವರ್ಷವಾಯಿತು, ಹತ್ತಕ್ಕೆ ಇನ್ನೂ ಎರಡಿದೆ ಎಂದು ಮೇಷ್ಟರಂತೆ ಅವನನ್ನು ತಿದ್ದಿದಳು. ಅವನು ತಲೆಯಾಡಿಸಿದ. ಹತ್ತು ವರ್ಷ ನಿಜ, ಆದರೆ ಕಂಪನಿ ಎಣಿಸುವುದು ನೀವು ಕೊಂಡ ದಿನದಿಂದಲ್ಲ, ಆ ಆಪರೇಟಿಂಗ್ ಸಿಸ್ಟಂ ಮೊದಲು ಮಾರುಕಟ್ಟೆಗೆ ಬಂದ ದಿನದಿಂದ ಎಂದ. ಈ ಕೂಸು ನಿಮ್ಮ ಮನೆಗೆ ಬಂದಾಗಲೇ ಅದಕ್ಕೆ ಮೂರು ವರ್ಷ ತುಂಬಿತ್ತು ಎಂದ. ಹಾಗಾದರೆ ಹೋದ ವರ್ಷವೇ ಮುಗಿಯಬೇಕಿತ್ತಲ್ಲ ಎಂದಳು.

ಮುಗಿದಿತ್ತು. ಇನ್ನೊಂದು ವರ್ಷ ಕೊಡಿ, ಈ ಆಸ್ಪತ್ರೆಗೆ ಮಾತ್ರ ಕೊಡಿ ಎಂದು ಅವನು ಕಂಪನಿಗೆ ಮೂರು ಸಲ ಬರೆದು, ಮೇಲಿನವರ ಮುಂದೆ ಕೈಕಟ್ಟಿ ನಿಂತು, ಹೆಚ್ಚಿಗೆ ಒಂದು ವರ್ಷ ತಂದಿದ್ದ. ಅದರ ಪತ್ರವನ್ನು ಅವನೇ ಇಲ್ಲಿಗೆ ತಂದುಕೊಟ್ಟಿದ್ದ. ಏಳು ಪುಟ. ಕೊನೆಯ ದಿನಾಂಕ ಆರನೇ ಪುಟದಲ್ಲಿತ್ತು, ಏಳನೆಯದರಲ್ಲಿ ಅವಳ ಸಹಿ.

ಆ ದಿನ ಅವಳಿಗೆ ಚೆನ್ನಾಗಿಯೇ ನೆನಪಿತ್ತು. ಫ್ಯಾನಿನ ಗಾಳಿಗೆ ಹಾಳೆ ಹಾರದಿರಲೆಂದು ಅವನು ಅಂಗೈ ಊರಿ ಹಿಡಿದಿದ್ದ. ಅವಳು ಓದಿದ್ದು ಆ ಕೈಯನ್ನು, ಉಗುರಿನ ಪಕ್ಕದ ಹಳೇ ಸುಟ್ಟ ಕಲೆಯನ್ನು. ಎಲ್ಲಿ ಎಂದರೆ ಅಲ್ಲಿ ಸಹಿ ಹಾಕಿಕೊಟ್ಟಿದ್ದಳು. ಊರಿಗೆಲ್ಲ ಕಾಗದ ಓದಿ ಸಹಿ ಮಾಡಿ ಎಂದು ಬುದ್ಧಿ ಹೇಳುವವಳು!

“ನೀವು ಓದಿರ್ತೀರಿ ಅಂದ್ಕೊಂಡೆ,” ಎಂದ ಅವನು ಮೆಲ್ಲಗೆ. “ಓದಿಯೂ ಸುಮ್ನಿದೀರಿ ಅಂದ್ರೆ ಅದೇ ಉತ್ತರ ಅಂದ್ಕೊಂಡೆ.”

ಮಾನಿಟರ್ ಹತ್ತಿಕೊಂಡಿತು. ರೋಗಿಯಿಲ್ಲದ್ದರಿಂದ ಅದರಲ್ಲಿ ಗೆರೆ ಮಾತ್ರ ನೇರವಾಗಿ ಓಡಿತು. ಮಾನಿಟರನ್ನು ಆರಿಸಲು ಇಬ್ಬರೂ ಕೈಚಾಚಲಿಲ್ಲ.

ಉಳಿದದ್ದನ್ನು ಅವನು ನೆಲ ನೋಡುತ್ತಲೇ ಹೇಳಿದ. ಹೆಚ್ಚಿಗೆ ಸಿಕ್ಕ ವರ್ಷದ ಎರಡನೇ ಭೇಟಿಯವರೆಗೂ ಅವನು ಆಸೆ ಬಿಟ್ಟಿರಲಿಲ್ಲ. ಆಮೇಲೆ ಅಕ್ಕನ ಒತ್ತಾಯಕ್ಕೆ ಒಬ್ಬರನ್ನು ನೋಡಿದ. ಶಾಲೆಯಲ್ಲಿ ಗಣಿತ ಹೇಳಿಕೊಡುವವರು. ಮುಂದಿನ ತಿಂಗಳು ಮದುವೆ. ಹೊಸ ಮೆಷಿನ್ನುಗಳ ಕೆಲಸಕ್ಕೆಂದು ಕಂಪನಿ ದೂರದ ಕಚೇರಿಗೆ ಹಾಕಿದೆ, ಇಬ್ಬರೂ ಅಲ್ಲಿಗೇ ಹೋಗುತ್ತಾರೆ.

“ಅವರಿಗೆ ನಿಮ್ಮ ವಿಷಯ ಎಲ್ಲಾ ಹೇಳಿದೀನಿ,” ಎಂದ. “‘ಕೊನೇ ಸಲ ಹೋಗ್ತಿದೀರಿ, ಅವರಿಗೆ ಏನಾದ್ರೂ ಹೇಳೋದಿದ್ರೆ ಕೇಳ್ಕೊಂಡು ಬನ್ನಿ, ನಾನು ಅಡ್ಡ ನಿಲ್ಲಲ್ಲ’ ಅಂದ್ರು.”

ಕಂಡರಿಯದ ಆ ಗಣಿತದ ಮೇಡಂ ಮೇಲೆ ಅವಳು ಸಿಟ್ಟು ಮಾಡಿಕೊಳ್ಳಲು ನೋಡಿದಳು, ಬರಲಿಲ್ಲ. ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು! ಒಂದು ಸುಳ್ಳು ಹೇಳಿ ಕಳಿಸೋಣವೇ, ಮನಸ್ಸೇ ಇರಲಿಲ್ಲ ಎಂದುಬಿಡೋಣವೇ ಎಂದುಕೊಂಡಳು. ಆದರೆ ನಾಲ್ಕು ವರ್ಷ ಕಾದವನಿಗೆ ಕೊನೆಗೆ ಸುಳ್ಳನ್ನು ಕಟ್ಟಿಕೊಡಲು ಅವಳಿಗೆ ಕೈ ಬರಲಿಲ್ಲ.

“ಹೂಂ ಅಂತಲೇ ಇತ್ತು,” ಎಂದಳು. “ನೀವು ಕೇಳಿದ ದಿನವೇ ಹೂಂ ಅಂತಲೇ ಇತ್ತು. ನೀವು ಅಂದ್ರೆ ನಂಗೆ ಪ್ರಾಣ. ಇನ್ನೂ ಎರಡು ವರ್ಷ ಇದೆ ಅಂತ ಕೂತಿದ್ದೆ, ಅಷ್ಟೇ.”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಎಂಟು ವರ್ಷದಲ್ಲಿ ಮೊದಲ ಸಲ ಅವಳು ಅವನ ಭುಜದ ಮೇಲೆ ಕೈಯಿಟ್ಟಳು. ಅಂಗಿಯ ಕೆಳಗೆ ಅವನು ಬಿಕ್ಕುತ್ತಿರುವುದು ಅಂಗೈಗೆ ತಿಳಿಯಿತು. ಗೋಡೆಯಾಚೆ ಗೋದಾಮಿನವರು ಡಬ್ಬ ಎಳೆಯುವ ಸದ್ದು ಕೇಳುತ್ತಿತ್ತು.

ಈಗ ಏನು ಮಾಡಲಿ, ನೀವೇ ಹೇಳಿ ಎಂದ ಅವನು ಕೊನೆಗೆ.

ಒಂದು ಮಾತು ಸಾಕಿತ್ತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಲೆಕ್ಕ ತಪ್ಪಿದವಳು ತಾನು, ಅದಕ್ಕೆ ಬೆಲೆ ತೆರಬೇಕಾದವಳು ಇನ್ಯಾರೋ ಎಂದರೆ ಯಾವ ನ್ಯಾಯ? ಜೊತೆಗೆ ಇನ್ನೊಂದನ್ನೂ ಅವಳು ಕಂಡಿದ್ದಳು. ಆ ಗಣಿತದ ಮೇಡಂ ಬಗ್ಗೆ ಹೇಳುವಾಗ ಅಷ್ಟು ಸಂಕಟದ ನಡುವೆಯೂ ಅವನ ದನಿ ಒಂದಿಷ್ಟು ಮೆತ್ತಗಾಗಿತ್ತು. ಅವನಿಗೇ ಗೊತ್ತಿತ್ತೋ ಇಲ್ಲವೋ.

“ಅವರಿಗೆ ಮಾತು ಕೊಟ್ಟಿದೀರಿ. ಉಳಿಸ್ಕೊಳ್ಳಿ,” ಎಂದಳು.

ಅವನು ವಾದ ಮಾಡಲಿಲ್ಲ. ಮಾಡಲಿ ಎಂದು ಅವಳು ಒಳಗೊಳಗೇ ಹತ್ತು ಸಲ ಬೇಡಿಕೊಂಡಳು. ಮಾಡಲಿಲ್ಲ, ಆದ್ದರಿಂದ ತಾನು ಹೇಳಿದ್ದು ಸರಿಯೇ ಎಂದು ಅವಳಿಗೆ ತಿಳಿಯಿತು. ಸರಿಯಾದದ್ದು ಇಷ್ಟು ನೋಯುತ್ತದೆ ಎಂದು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ.

ಕೆಲಸ ಇನ್ನೂ ಸ್ವಲ್ಪ ಉಳಿದಿತ್ತು. ಅವನು ಮುಖ ತೊಳೆದುಕೊಂಡು ಬಂದು ಮುಕ್ತಾಯದ ಪತ್ರ ತೆಗೆದ. ಇದೂ ಏಳು ಪುಟ. ಇನ್ನು ತೇಪೆ ಬರುವುದಿಲ್ಲ, ಹೊಸ ಮಾನಿಟರ್ ಬರುವವರೆಗೆ ಇವನ್ನು ಆಸ್ಪತ್ರೆಯ ನೆಟ್‌ವರ್ಕಿನಿಂದ ಬಿಡಿಸಿ ಒಂಟಿಯಾಗಿ ಓಡಿಸಬೇಕು ಎಂದು ವಿವರಿಸಿದ. ಓಡುತ್ತವೆಯೇ ಎಂದಳು. ಓಡಲು ಏನೂ ತೊಂದರೆಯಿಲ್ಲ ಎಂದ.

ಪೆನ್ನು ಅವಳ ಕೈಯಲ್ಲಿತ್ತು, ಆದರೆ ಅವಳು ಸಹಿ ಹಾಕಲಿಲ್ಲ. ಮೊದಲ ಪುಟದ ಮೊದಲ ಸಾಲಿನಿಂದ ಓದಲು ಶುರುಮಾಡಿದಳು. ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದಳು. ಅವನಿಗೆ ಅರ್ಥವಾಯಿತು. ಕುರ್ಚಿ ಹತ್ತಿರಕ್ಕೆಳೆದು ಹಾಳೆ ಹಾರದಂತೆ ಅಂಗೈ ಊರಿ ಕೂತ. ಆರನೇ ಪುಟವನ್ನು ಅವಳು ಎರಡು ಸಲ ಓದಿದಳು. ಅವನು ಅವಸರ ಮಾಡಲಿಲ್ಲ.

ಏಳನೇ ಪುಟದ ಮುಂದೆ ಮಾತ್ರ ಇನ್ನೇನೂ ಇರಲಿಲ್ಲ. ಅವಳು ಸಹಿ ಹಾಕಿ ದಿನಾಂಕ ಬರೆದಳು.

ಅವನು ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತ.

“ಹೋಗ್ತೀನಿ,” ಎಂದ.

ಹಾಗನ್ನಬಾರದು, ಬರ್ತೀನಿ ಅನ್ನಬೇಕು ಎಂದು ತಿದ್ದಲು ಅವಳ ಬಾಯಿ ತಾನಾಗಿಯೇ ತೆರೆಯಿತು. ತಿದ್ದಲಿಲ್ಲ.