ಮೂರನೇ ಸಲ ಬಂದ ಉಬ್ಬಸ

ಬೆಳಿಗ್ಗೆ ವಾರ್ಡಿಗೆ ಕಾಲಿಟ್ಟ ಹಿರಿಯ ನರ್ಸ್ ಬಾಗಿಲಲ್ಲೇ ನಿಂತಳು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ದರ್ಜಿ ಹೆಂಗಸು. ಮೂಗಿಗೆ ಆಮ್ಲಜನಕದ ನಳಿಕೆ, ಏದುಸಿರು. ಎರಡು ತಿಂಗಳಲ್ಲಿ ಇದು ಮೂರನೇ ಸಲ.

ಅವಳೊಬ್ಬಳೇ ಆಗಿದ್ದರೆ ಹಣೆಬರಹ ಎನ್ನಬಹುದಿತ್ತು. ಆದರೆ ಅವಳ ಬಡಾವಣೆಯ ಕ್ಲಿನಿಕ್ಕಿನಿಂದ ಹೀಗೆ ಬಂದವರು ಅವಳೂ ಸೇರಿ ಹನ್ನೊಂದು ಮಂದಿ—ಎಲ್ಲರೂ ಮನೆಯಲ್ಲೇ ಹತೋಟಿಯಲ್ಲಿರಬೇಕಾದ ಕಾಯಿಲೆಯವರು.

“ಔಷಧಿ ಬಿಟ್ಟಿದ್ರೇನಮ್ಮ?”

“ಮಗಳಾಣೆ, ಒಂದು ದಿನಾನೂ ಬಿಟ್ಟಿಲ್ಲ ಸಿಸ್ಟರ್.”

ಉಸಿರು ಹದಕ್ಕೆ ಬಂದ ಮೇಲೆ ನರ್ಸ್ ಅವಳ ಕೈಗೆ ಇನ್‌ಹೇಲರ್ ಕೊಟ್ಟಳು. “ಹೇಗೆ ತಗೋತೀರಿ, ತೋರಿಸಿ.”

ದರ್ಜಿ ಒತ್ತಿದಳು. ಆಮೇಲೆ ಉಸಿರೆಳೆದಳು. ಮದ್ದೆಲ್ಲ ನಾಲಿಗೆಯ ಪಾಲು. ಒತ್ತುತ್ತಲೇ ಉಸಿರೆಳೆಯುವ ಸರಿಯಾದ ಕ್ರಮ ಕಲಿಸಲು ಹತ್ತು ನಿಮಿಷ ಸಾಕಾಯಿತು. ಹಾಗಾದರೆ ಇಷ್ಟು ದಿನ ಯಾರೂ ಯಾಕೆ ನೋಡಲಿಲ್ಲ?

ಮಧ್ಯಾಹ್ನ ಆಸ್ಪತ್ರೆಯ ಅಧೀಕ್ಷಕರ ಪತ್ರ ಹಿಡಿದು ಆ ಕ್ಲಿನಿಕ್ಕಿಗೆ ಹೋದಳು. ಔಷಧಿ ಕೊಡುವವನು ಮುಖ ಗಂಟಿಕ್ಕಿದ. “ನನ್ನ ಮೇಲೆ ಅನುಮಾನಾನಾ? ನೋಡಿ, ಒಂದರದ್ದೂ ಅವಧಿ ಮುಗಿದಿಲ್ಲ.” ನಿಜ, ಮುಗಿದಿರಲಿಲ್ಲ.

ಚೀಟಿ ಕೊಡುವಾಕೆ ಹೇಳಿದಳು, “ಯಾರನ್ನೂ ವಾಪಸ್ ಕಳಿಸಿಲ್ಲ. ಈಗಂತೂ ಕಾಲು ಗಂಟೆನೂ ಕಾಯಿಸಲ್ಲ.”

“ಈಗ ಅಂದ್ರೆ?”

“ಹೊಸ ಏರ್ಪಾಡು ಬಂದ ಮೇಲೆ.”

ನರ್ಸ್ ಹನ್ನೊಂದು ಕಡತ ತರಿಸಿಕೊಂಡಳು. ದರ್ಜಿಯದನ್ನು ಎರಡು ಸಲ ಓದಿದಳು. ಮೂರನೇ ಸಲ ಓದಲಿಲ್ಲ—ಅಕ್ಷರಗಳ ವಾಲಾಟವನ್ನಷ್ಟೇ ನೋಡಿದಳು. ಎದ್ದು ಕ್ಲಿನಿಕ್ಕಿನ ಮುಖ್ಯ ವೈದ್ಯರ ಕೋಣೆಗೆ ನಡೆದಳು.

“ಕಳ್ಳ ಸಿಕ್ಕಿದ್ನಾ?” ವೈದ್ಯರು ನಗಲು ನೋಡಿದರು.

“ಸಿಕ್ಕ ಸಾರ್. ದರ್ಜಿಯಮ್ಮ ಈ ಕ್ಲಿನಿಕ್ಕಿಗೆ ಬಂದಿದ್ದು ಏಳು ಸಲ. ಕೈಬರಹವೂ ಏಳು. ಎಲ್ಲರೂ ಬರೆದದ್ದು ಒಂದೇ—‘ಅದೇ ಔಷಧಿ ಮುಂದುವರಿಸಿ’.”

“ಅದರಲ್ಲಿ ತಪ್ಪೇನಿದೆ?”

“ಒಬ್ಬೊಬ್ಬರದ್ದಾಗಿ ನೋಡಿದ್ರೆ ಏನೂ ಇಲ್ಲ. ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ಮೊದಲು ಒಂದೊಂದು ಮನೆಗೆ ಒಬ್ಬೊಬ್ಬ ಡಾಕ್ಟರು. ಈಗ ಯಾರು ಖಾಲಿ ಇದ್ದಾರೋ ಅವರು. ಹೋದ ಸಲಕ್ಕಿಂತ ಹೆಚ್ಚು ಸೊರಗಿದ್ದಾಳೆ ಅಂತ ಯಾರಿಗೆ ಗೊತ್ತಾಗ್ಬೇಕು? ಉಳಿದ ಹತ್ತೂ ಕಡತದಲ್ಲಿ ಇದೇ ಕಥೆ. ಅಪರಾಧಿ ಆ ಗೋಡೆ ಮೇಲಿರೋ ಸರದಿ ಪಟ್ಟಿ.”

ವೈದ್ಯರು ಪಟ್ಟಿಯತ್ತ ತಿರುಗಿದರು. “ಜನ ಕಾಯೋದು ತಪ್ಪಲಿ ಅಂತ ನಾನೇ ಮಾಡಿದ್ದು.”

“ಗೊತ್ತು ಸಾರ್.”

ಅವರು ಎದ್ದು ಮೊಳೆಯಿಂದ ಪಟ್ಟಿಯನ್ನು ಬಿಡಿಸಿದರು. “ಈ ಹನ್ನೊಂದು ಜನರಿಂದ ಶುರು ಮಾಡೋಣ. ದರ್ಜಿಯಮ್ಮ ನನ್ನ ಪಾಲಿಗಿರಲಿ.”

ಮುಂದಿನ ಆರು ತಿಂಗಳಲ್ಲಿ ಆ ಹನ್ನೊಂದರಲ್ಲಿ ಒಂಬತ್ತು ಮಂದಿಗೆ ಆಸ್ಪತ್ರೆಯ ಹಾಸಿಗೆ ಬೇಕಾಗಲಿಲ್ಲ. ದರ್ಜಿ ಹೆಂಗಸು ಮಾತ್ರ ಒಂದು ದಿನ ವಾರ್ಡಿಗೆ ಬಂದಳು, ಎರಡು ಮಹಡಿ ತಾನೇ ಹತ್ತಿ, ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡು.

“ಮಲಗಿದ್ದಾಗಿಂದ ನೋಡ್ತಿದ್ದೆ ಸಿಸ್ಟರ್, ನಿಮ್ಮ ತೋಳಿನ ಹೊಲಿಗೆ ಸರಿಯಿಲ್ಲ,” ಎಂದಳು. “ಕೈ ಚಾಚಿ.”