ಸೀಟು ಬಿಟ್ಟು ಹೋದ ಕಾರು

ಹೆಲ್ಮೆಟ್ ಕೂಡ ತೆಗೆಯದೆ ಠಾಣೆಯೊಳಕ್ಕೆ ಓಡಿಬಂದ ಹುಡುಗಿ ಏನು ಹೇಳುತ್ತಿದ್ದಾಳೆಂದು ಸಬ್ ಇನ್‌ಸ್ಪೆಕ್ಟರ್ ವಿದ್ಯಾಶ್ರೀಗೆ ಮೊದಲು ತಿಳಿಯಲಿಲ್ಲ. ಅಂದು ಭಾನುವಾರ, ಬೆಳಿಗ್ಗೆ ಎಂಟು ಗಂಟೆ.

“ಮೊದಲು ಹೆಲ್ಮೆಟ್ ತೆಗಿಯಮ್ಮ. ಏನು ಕಳುವಾಯ್ತು?”

“ಕಾರು, ಮೇಡಂ. ರೇಸ್ ಕಾರು. ನಾವೇ ಮಾಡಿದ್ದು.”

ಹುಡುಗಿಯ ಹೆಸರು ಮೇಧಾ. ಎಂಜಿನಿಯರಿಂಗ್ ಕೊನೆಯ ವರ್ಷ. ಅವಳೂ ಐವರು ಗೆಳೆಯರೂ ಸವಳಂಗ ರಸ್ತೆಯ ಶೆಡ್ಡೊಂದರಲ್ಲಿ ಎರಡು ವರ್ಷ ದುಡಿದು ಕಟ್ಟಿದ ಕಾರು. ತಂಡದ ನಾಯಕಿಯೂ ಅವಳೇ, ಚಾಲಕಿಯೂ ಅವಳೇ. ಮಂಗಳವಾರ ಕಾರನ್ನು ಕೊಯಮತ್ತೂರಿನ ಸ್ಪರ್ಧೆಗೆ ಸಾಗಿಸಬೇಕಿತ್ತು.

ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಶ್ರೀನಿವಾಸಮೂರ್ತಿಯವರೊಂದಿಗೆ ವಿದ್ಯಾಶ್ರೀ ಮೇಧಾಳನ್ನು ಕರೆದುಕೊಂಡು ಶೆಡ್ಡಿಗೆ ಹೋದಳು. ಪಕ್ಕದ ಅಂಗಡಿಯ ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ಆರೂ ಜನರ ಬಳಿ ಕೀ ಇತ್ತು. ನೆಲದ ಮೇಲೆ ಕಾರಿನ ಸೀಟು ಮಾತ್ರ ಬಿದ್ದಿತ್ತು. ಅದರ ಬೋಲ್ಟುಗಳನ್ನು ಯಾರೋ ಒಂದು ಬಟ್ಟಲಲ್ಲಿ ಜೋಪಾನವಾಗಿ ಇಟ್ಟಿದ್ದರು.

“ಕಾರು ಒಯ್ದೋನು ಸೀಟು ಯಾಕೆ ಬಿಟ್ಟ?” ಎಂದರು ಮೂರ್ತಿ.

ವಿದ್ಯಾಶ್ರೀ ಅದರಲ್ಲಿ ಕೂತು ನೋಡಿದಳು. ಕೂತದ್ದೇನೋ ಸರಿ, ಏಳಲಾಗಲಿಲ್ಲ. ಮೂರ್ತಿ ಕೈಹಿಡಿದು ಎಬ್ಬಿಸಬೇಕಾಯಿತು. ಪಂಚರು ಆ ಕಡೆ ತಿರುಗಿ ನಕ್ಕರು.

“ಇದು ಯಾರ ಅಳತೆ?”

“ನನ್ನದು, ಮೇಡಂ.”

“ನಿಮ್ಮಲ್ಲಿ ತುಂಬ ಎತ್ತರ ಯಾರು?”

ಮೇಧಾಳ ಮುಖ ಸಪ್ಪಗಾಯಿತು. “ಸಂಜಯ್. ಆರಡಿ ಮೂರಿಂಚು. ಸೀಟಿದ್ರೆ ಅವನ ಮಂಡಿ ಸ್ಟೀರಿಂಗಿಗೆ ತಾಗುತ್ತೆ. ಆದ್ರೆ ಅವನಾಗಿರಲಿಕ್ಕಿಲ್ಲ, ಮೇಡಂ. ಕಾರಿನ ಒಂದೊಂದು ಪೈಪನ್ನೂ ವೆಲ್ಡ್ ಮಾಡಿದ್ದೇ ಅವನು.”

“ಈಗೆಲ್ಲಿದ್ದಾನೆ?”

“ಫೋನ್ ಸ್ವಿಚ್ ಆಫ್. ತಾತನ ಮನೆ ಭದ್ರಾವತಿಲಿದೆ. ಕಾಗದನಗರ.”

ಎದುರಿನ ಬೇಕರಿಯ ಸಿಸಿಟಿವಿಯಲ್ಲಿ, ನಸುಕಿನಲ್ಲಿ ಟಾರ್ಪಾಲು ಹೊದ್ದ ಪಿಕಪ್ ಗಾಡಿಯೊಂದು ಹೋದದ್ದು ಕಂಡಿತು. ನಂಬರ್ ಹಿಡಿದು ಚಾಲಕನಿಗೆ ಫೋನ್ ಮಾಡಿದರೆ ಅವನು ಮುಚ್ಚಿಡಲಿಲ್ಲ. “ಎಕ್ಸಿಬಿಷನ್‌ಗೆ ಅಂದ್ರು, ಮೇಡಂ. ಕಾಗದನಗರದಲ್ಲಿ ಇಳಿಸಿ ಬಂದೆ.”

ಮೇಧಾಳನ್ನೂ ಹತ್ತಿಸಿಕೊಂಡು ಜೀಪು ಕಾಗದನಗರ ಸೇರುವಾಗ ಬಿಸಿಲು ಏರಿತ್ತು. ಕಾಗದ ಕಾರ್ಖಾನೆಯ ಕ್ವಾರ್ಟರ್ಸಿನ ಮೊದಲ ತಿರುವಿನಲ್ಲೇ ಮುದುಕರೊಬ್ಬರು ಕೆಂಪು ಟವೆಲ್ ಬೀಸುತ್ತ ಅಡ್ಡ ನಿಂತರು.

“ನಿಲ್ಸಿ, ನಿಲ್ಸಿ! ಗಾಡಿ ಬರ್ತಾ ಇದೆ!”

ಮೂರ್ತಿ ಬ್ರೇಕ್ ಒತ್ತಿದರು. ಕಿತ್ತಳೆ ಬಣ್ಣದ ಕಾರೊಂದು ಗುಡುಗುತ್ತ ಮುಂದಿನಿಂದ ಹಾದುಹೋಯಿತು. ಕಾಂಪೌಂಡುಗಳ ಮೇಲೆ ಕೂತ ಜನ ಚಪ್ಪಾಳೆ ತಟ್ಟಿದರು.

“ಬೆನ್ನು ಹತ್ತೋಣ್ವಾ, ಮೇಡಂ?”

“ಈ ಜೀಪಿನಲ್ಲಾ?”

ಅಷ್ಟರಲ್ಲಿ ಸಮವಸ್ತ್ರ ಕಂಡ ಮುದುಕರು ಟವೆಲನ್ನು ಹೆಗಲಿಗೇರಿಸಿಕೊಂಡು ಕೈಮುಗಿದರು. ಅವರು ಸಂಜಯನ ತಾತ ಹೊನ್ನಯ್ಯ. ಕಾರು ಮತ್ತೊಂದು ಸುತ್ತು ಬಂದಾಗ ಅವರೇ ಕೈಯೆತ್ತಿ ನಿಲ್ಲಿಸಿದರು. ಸೀಟಿನ ಜಾಗದಲ್ಲಿ ಮಡಚಿ ಹಾಸಿದ ಕಂಬಳಿಯ ಮೇಲಿಂದ ಉದ್ದನೆಯ ಹುಡುಗನೊಬ್ಬ ಕಾಲು ಬಿಡಿಸಿಕೊಂಡು ಎದ್ದ. ಮುಖದ ತುಂಬ ನಗು. ಪೊಲೀಸರನ್ನು ಕಂಡದ್ದೇ ಅದು ಆರಿಹೋಯಿತು.

“ಮಕ್ಕಳು ಅಡ್ಡ ಬಂದಿದ್ರೆ ಏನು ಗತಿ?” ವಿದ್ಯಾಶ್ರೀ ಗದರಿದಳು.

“ಎಲ್ಲ ತಿರುವಲ್ಲೂ ಜನ ನಿಲ್ಲಿಸಿದ್ದೆ, ಮೇಡಂ,” ಎಂದ ಸಂಜಯ್.

“ಆದ್ರೂ ತಪ್ಪೇ. ಜೀಪು ಹತ್ತು.”

ಕಾರನ್ನು ಜಪ್ತಿ ಮಾಡಿ, ಸಂಜಯನನ್ನು ಠಾಣೆಗೆ ಕರೆತಂದರು. ಹೇಳಿಕೆ ಬರೆದುಕೊಳ್ಳಲು ವಿದ್ಯಾಶ್ರೀ ಪೆನ್ನು ತೆಗೆದಳು.

“ಯಾಕೆ ಒಯ್ದೆ?”

“ಎರಡು ವರ್ಷ ಅದರ ಪಕ್ಕದಲ್ಲೇ ಮಲಗಿದೀನಿ, ಮೇಡಂ. ಸ್ಪರ್ಧೆ ದಿನ ಬೇಲಿಯಾಚೆ ನಿಂತು ನೋಡ್ಬೇಕು. ಒಂದೇ ಒಂದು ಸಲ ನಾನೂ ಓಡಿಸ್ಬೇಕು ಅನ್ನಿಸ್ತು. ಸಂಜೆಯೊಳಗೆ ತಂದಿಡ್ತಿದ್ದೆ.”

“ಕೇಳೋಕೆ ಏನಾಗಿತ್ತು ಮಾರಾಯ?” ಮೇಧಾ ಸಿಡಿದಳು.

“ನಗ್ತೀರ ಅಂತ...”

ಅವಳು ನಗಲಿಲ್ಲ. ಮೆಲ್ಲಗೆ ಕೇಳಿದಳು: “ಬಲ ತಿರುವಲ್ಲಿ ಹಿಂದಿನ ಚಕ್ರ ಜಾರ್ತಾ?” ತಿಂಗಳುಗಳಿಂದ ತಂಡದ ನಿದ್ದೆಗೆಡಿಸಿದ್ದು ಆ ಒಂದು ದೋಷವೇ.

“ಇಲ್ಲ ಮಾರಾಯ್ತಿ! ರಸ್ತೆಗೆ ಅಂಟ್ಕೊಂಡೇ ಹೋಯ್ತು!” ಸಂಜಯ್ ಬೆಂಚಿನಿಂದ ಜಿಗಿದೆದ್ದ. ಮೇಧಾ ಖುಷಿಯಿಂದ ಕಿರುಚಿದ ಸದ್ದಿಗೆ ಲಾಕಪ್ಪಿನ ಕಾವಲಿನವ ಓಡಿಬಂದ.

“ನಾಳೆ ಕೋರ್ಟ್ ಆರ್ಡರ್ ತಂದ್ರೆ ಕಾರು ನಿಮ್ಮದು,” ಎಂದಳು ವಿದ್ಯಾಶ್ರೀ. ಕಳ್ಳತನದ ಉದ್ದೇಶ ಇರಲಿಲ್ಲವೆಂದು ಪ್ರಕರಣ ಮುಗಿಸುವ ಬಿ ರಿಪೋರ್ಟ್ ಹಾಕಲು ನಿರ್ಧರಿಸಿ, ನೋಟಿಸ್ ಕೊಟ್ಟು ಹುಡುಗನನ್ನು ಬಿಟ್ಟಳು. ಅವರಿಬ್ಬರೂ ಗಾಳಿಯಲ್ಲಿ ಕೈಬೀಸಿ ತಿರುವುಗಳನ್ನು ಲೆಕ್ಕ ಹಾಕುತ್ತಿರುವಾಗಲೇ, ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆದಳು: ತಾನು ಕಟ್ಟಿದ್ದನ್ನು ಒಮ್ಮೆ ಓಡಿಸಿ ನೋಡುವ ಆಸೆ.